ಇದ್ದಿಲುಗೇಟಿನ ಮೊದಲ ಹೊಗೆ

ಇದ್ದಿಲುಗೇಟ್, ಗುರುವಾರ

ಪ್ರೀತಿಯ ಮಂಗಳಾ,

ಅಮ್ಮಸಂದ್ರದ ಸೊಸೆಯಾದ ನಿನಗೆ ತವರೂರಿನ ಅಧಿಕೃತ ಇತಿಹಾಸಕಾರ್ತಿಯ ನಮಸ್ಕಾರಗಳು. ನಗಬೇಡ. ನನ್ನ ಅಕ್ಷರ ದುಂಡಗಿದೆಯೆಂದು ಊರಿನವರು ಕೊಟ್ಟ ಪದವಿ ಇದು. ಫೋನ್ ಮಾಡಬಹುದಿತ್ತು, ಮಾಡಿದರೆ ನಿನ್ನ ದನಿ ಕೇಳಬೇಕಾಗುತ್ತದೆ. ಅದಕ್ಕೇ ಕಂಡಕ್ಟರ್ ಭೀಮರಾಜು ಕೈಯಲ್ಲಿ ಈ ಕಾಗದ.

ಭಾನುವಾರ ಊರ ಕಮಾನಿನ ಉದ್ಘಾಟನೆ. ನಾನು ಬರೆದ ಊರಿನ ಚರಿತ್ರೆಯನ್ನು ನಾನೇ ಮೈಕಿನಲ್ಲಿ ಓದಬೇಕು. ನೀನು ಬಾ, ಈಗ ನಿನ್ನ ಮನೆಯಲ್ಲೇ ಇರುವ ನಿಮ್ಮಮ್ಮನನ್ನು ಮಾತ್ರ ಕರೆತರಬೇಡ. ಬಿಸಿಲು ಜಾಸ್ತಿ. ಕುರ್ಚಿಗಳ ಕಾಲು ಸರಿಯಿಲ್ಲ. ಅಡುಗೆಯವನಿಗೂ ಎಣ್ಣೆಗೂ ಬಲು ಸ್ನೇಹ.

ಸರಿ, ಬಿಸಿಲಿನ ಮಾತು ಬಿಡು. ಕೊಬ್ಬರಿ ಸುಲಿಯುವ ಹೆಂಗಸರಿಗೆ ಕೂಲಿಯ ಜೊತೆ ಚಿಪ್ಪು ಕೊಡುವುದು ನಮ್ಮ ಕಡೆಯ ರೂಢಿ. ಎಲ್ಲರೂ ಅದನ್ನು ಒಲೆಗಿಟ್ಟರು. ನಿಮ್ಮಮ್ಮ ಪುಟ್ಟಗಂಗಮ್ಮ ಮಾತ್ರ ಕಿಬ್ಬನಹಳ್ಳಿ ರಸ್ತೆಯ ಪಕ್ಕದ ಬೀಳಿನಲ್ಲಿ ಗುಂಡಿ ತೋಡಿ, ಚಿಪ್ಪಿಗೆ ಬೆಂಕಿಯಿಟ್ಟು, ಬಿಳಿ ಹೊಗೆ ನೀಲಿಗೆ ತಿರುಗುವವರೆಗೂ ಕಾದು, ಮಣ್ಣು ಮುಚ್ಚಿ ಇದ್ದಿಲು ಮಾಡಿದರು. ಇದ್ದಿಲಿಗೆ ಲಾರಿ ನಿಂತಿತು, ಲಾರಿಗೆ ಟೀ ಅಂಗಡಿ, ಟೀಗೆ ಬಸ್ಸು. ಆಯಿತು ಊರು.

ಆಗ ನಮ್ಮ ಮಾವ ಮೂಡಲಗಿರಿಯಪ್ಪನವರು ಮಾಡಿದ ಮಹತ್ಕಾರ್ಯವೆಂದರೆ, ಗುಂಡಿಯ ಮುಂದೆ ನಿಂತು, "ಲೇ ಪುಟ್ಟಗಂಗಿ, ಅಟ್ಟದ ಕೊಬ್ರಿಗೆಲ್ಲ ಹೊಗೆ ವಾಸ್ನೆ ಹಿಡೀತದೆ ಕಣೇ, ಮುಚ್ಚು!" ಎಂದು ಕೂಗಿದ್ದು. "ಇನ್ನೂ ನೀಲಿ ಬಂದಿಲ್ಲ ಕಣಪ್ಪ, ಬೇಕಾದ್ರೆ ನಿನ್ನಟ್ಟದ ಬಾಗ್ಲು ಮುಚ್ಕೊ" ಎಂದರಂತೆ ನಿಮ್ಮಮ್ಮ.

ನನ್ನ ಚರಿತ್ರೆಯಲ್ಲಿ ಇದೇ ಸಂಗತಿ ಹೀಗಿದೆ: 'ದೂರದೃಷ್ಟಿಯ ಮೂಡಲಗಿರಿಯಪ್ಪನವರು ಮೊದಲ ಗುಂಡಿ ತೋಡಿಸಿದರು. ಕೂಲಿ ಹೆಂಗಸರು ಸಹಕರಿಸಿದರು.' ಕಮಾನಿನ ಮೇಲೂ ಅವರದೇ ಹೆಸರು. ಹಿರಿಯರ ಮನಸ್ಸು ನೋಯಿಸಬಾರದಲ್ಲ, ಸೊಸೆಯಾಗಿ ನಾನೇನು ಮಾಡಲಿ?

ಮೊನ್ನೆ ನಿಮ್ಮಮ್ಮ ಫೋನು ಮಾಡಿ, "ನನ್ ಗುಂಡಿ ಇಸ್ಯ ಚೆಂದಾಗಿ ಬರ್ದಿದೀಯಂತಲ್ಲವ್ವಾ, ಹೊಸ ಸೀರೆ ಉಟ್ಕೊಂಡು ಬತ್ತೀನಿ" ಎಂದರು.

ನಾನು "ಹೂಂ" ಎಂದೆ ಕಣೇ.

ಇಂತಿ, ನಿನ್ನ ಗೆಳತಿ,
ವನಜಾಕ್ಷಿ

ತಾ.ಕ.: ಹಿರಿಯರ ಮನಸ್ಸು ನೋಯುತ್ತದೆಂದು ಮಾವನವರ ಮೇಲೆ ಹೊರಿಸಿದ್ದು ಸುಳ್ಳು. ಬರೆದದ್ದನ್ನು ಓದಿ ಹೇಳಿದಾಗ ಅವರು, "ಥೂ, ತೋಡಿದ್ದು ಪುಟ್ಟಗಂಗಿ ಕಣಮ್ಮ, ನಾನು ಬಯ್ಯಕ್ಕೋಗಿದ್ದೆ. ಅವಳೆಸ್ರು ಹಾಕು" ಎಂದರು. ನಿಮಗೆ ವಯಸ್ಸಾಯಿತು, ನೆನಪಿಲ್ಲ ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ. ಊರು ಕಟ್ಟಿದವರ ಸೊಸೆ ಎನ್ನಿಸಿಕೊಳ್ಳುವ ಆಸೆ ನನ್ನದು. ನಿಮ್ಮಮ್ಮನನ್ನು ಕರೆದುಕೊಂಡು ಬಾ, ಮಾವನವರ ಪಕ್ಕದಲ್ಲೇ ಕೂರಿಸು. ನಾನು ಓದತೊಡಗಿದ ಕೂಡಲೇ ಇಬ್ಬರಲ್ಲಿ ಒಬ್ಬರಾದರೂ ಎದ್ದು ತಡೆಯಲಿ. ನಾನಾಗಿ ನಿಲ್ಲಿಸುವಷ್ಟು ಧೈರ್ಯ ನನಗಿಲ್ಲ.