ಬೆರಳಿಗೇ ತಿರುಗಿದ ಬೋಲ್ಟು

ಅಪ್ಪಾ,

ಇವತ್ತು ನಿನ್ನ ಕಾರನ್ನು ಮೊದಲ ಸಲ ಗ್ಯಾರೇಜಿಗೆ ಕೊಟ್ಟೆ. ಆಯಿಲ್ ಬದಲಾಯಿಸಲು ಗ್ಯಾರೇಜಿಗೆ ಓಡುವವರನ್ನು ಕಂಡರೆ ನಿನಗೆ ಅಷ್ಟಕ್ಕಷ್ಟೇ ಎಂದು ಗೊತ್ತು. ಆದರೆ ನೀನು ಹೋಗಿಬಿಟ್ಟ ಮೇಲೆ ಈ ಮನೆಯಲ್ಲಿ ಕಾರಿನಡಿ ಮಲಗಿ ಕೈ ಕಪ್ಪು ಮಾಡಿಕೊಳ್ಳುವವರು ಯಾರಿದ್ದಾರೆ?

ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, ಹಳೇ ಆಯಿಲ್ ಇಳಿಸಲು ಕೆಳಗಿನ ಬೋಲ್ಟಿಗೆ ಸ್ಪ್ಯಾನರ್ ಹಿಡಿದ. ಅದು ಬೇಕಾಗಲೇ ಇಲ್ಲ, ಬೋಲ್ಟು ಬೆರಳಿಗೇ ತಿರುಗಿತು. ಅದರ ಸುತ್ತ ನಿನ್ನ ಹಳೇ ಬನಿಯನ್ನಿನ ಚೂರೊಂದು ಆಯಿಲ್ ಕುಡಿದು ಕಪ್ಪಾಗಿತ್ತು. ನೀನು ಮುಚ್ಚಿದ ಡಬ್ಬಿ ತೆಗೆಯಲು ಅಮ್ಮ ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು. ಅಂಥ ಕೈ ನಿನ್ನದು.

ಆಗ ನೆನಪಾಯಿತು. ಹೋದ ವರ್ಷ ನೀನು ಕಾರಿನಡಿಯಿಂದ ಕೂಗಿದ್ದೆ: “ಒಂದ್ ನಿಮಿಷ ಬಾ ಮಗಳೇ, ಇದನ್ನ ಸ್ವಲ್ಪ ಬಿಗಿ ಮಾಡ್ಕೊಡು.”

ನಾನು ಕಿಟಕಿಯಿಂದಲೇ, “ಅದಕ್ಕೇ ಹೇಳಿದ್ದು, ಗ್ಯಾರೇಜಿಗೆ ಕೊಡು ಅಂತ,” ಎಂದಿದ್ದೆ.

ನೀನು ಮತ್ತೆ ಕರೆಯಲಿಲ್ಲ. ಮಾರನೆಯ ದಿನದಿಂದ ಕಾರಿನಡಿ ಒಂದು ತಟ್ಟೆ ಇಡತೊಡಗಿದೆ. ಯಾಕೆಂದು ನಾನೂ ಕೇಳಲಿಲ್ಲ.

ಮೆಕ್ಯಾನಿಕ್ ನಕ್ಕ. “ಯಾವ ಪುಣ್ಯಾತ್ಮ ಮೇಡಂ, ಇದನ್ನ ಹೀಗೆ ಬಿಟ್ಟಿದ್ದು?”

“ನಾನೇ,” ಎಂದೆ.

ಹಳೇ ಆಯಿಲ್ ಪೂರ್ತಿ ಇಳಿದ ಮೇಲೆ ಅವನ ಕೈಯಿಂದ ಸ್ಪ್ಯಾನರ್ ಇಸಿದುಕೊಂಡು, ಕಾರಿನಡಿ ನಿಂತು, ಬೋಲ್ಟನ್ನು ನಾನೇ ಬಿಗಿ ಮಾಡಿದೆ.

ಒಂದು ನಿಮಿಷವೂ ಹಿಡಿಯಲಿಲ್ಲ, ಅಪ್ಪಾ.