ಹಳದಿ ಚುಕ್ಕಿ

ಶನಿವಾರ, ಮಧ್ಯಾಹ್ನ

ಗಡಿಬಿಡಿ ರಾಣಿಗೆ ಅಜ್ಜಿಯ ಆಶೀರ್ವಾದ.

ಆಶೀರ್ವಾದ ಮಾಡಿದಳು ಅಂತ ಹಿಗ್ಗಬೇಡ, ಅದು ಅಭ್ಯಾಸಬಲ. ಎದುರಿಗೆ ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ. ಎಷ್ಟೋ ದಿನ ಆದಮೇಲೆ ಮೊಬೈಲಿಗೆ ಒಂದು ಸಂದೇಶ ಕಳಿಸಿದ್ದೀಯ, ಅದರಲ್ಲಿ ಏನಿದೆ? "ಅಜ್ಜಿ, ನಿಮ್ಮ ಬೀದಿಯವರು ಯಾಕೆ ಇನ್ನೂ ಮನಸ್ಸು ಮಾಡಿಲ್ಲ? ಸ್ವಲ್ಪ ವಿಚಾರಿಸಿ ಹೇಳು, ಅರ್ಜೆಂಟ್." ನಿಮ್ಮ ಬೀದಿಯಂತೆ! ಈ ಬೀದಿಯಲ್ಲಿ ನಿನ್ನ ಮಂಚ ಇದೆ, ಒಂದು ಜೊತೆ ಚಪ್ಪಲಿ ಇದೆ, ಬಚ್ಚಲಲ್ಲಿ ನಿನ್ನ ಬ್ರಷ್ಷು ಒಣಗಿಕೊಂಡು ನಿಂತಿದೆ. "ಪ್ರಚಾರದ ಆಫೀಸಿನ ಪಕ್ಕ ಒಂದು ರೂಮು, ಚುನಾವಣೆ ಮುಗಿಯೋವರೆಗೆ ಅಷ್ಟೇ" ಅಂತ ಚೀಲ ಹೆಗಲಿಗೇರಿಸಿಕೊಂಡು ಹೋದವಳು ನೀನು. ಸೇತುವೆ ದಾಟಿದರೆ ಮನೆ. ಬಸ್ಸಿನಲ್ಲಿ ಒಂದು ತೂಕಡಿಕೆಯ ದಾರಿ. ನಾನು ಫೋನು ಮಾಡಿದರೆ ಮೀಟಿಂಗು ಅಂತ ಕಟ್ ಮಾಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಹೇಗೆ ಕಟ್ ಮಾಡುತ್ತೀಯೋ ನೋಡುತ್ತೇನೆ.

ಕೇಳಿದ್ದಕ್ಕೆ ಉತ್ತರ ಬೇಕು ತಾನೆ? ನಮ್ಮ ಬೀದಿಯವರು ಮನಸ್ಸು ಮಾಡಿ ಬಹಳ ದಿನ ಆಯಿತು. ಮಾಡಿಲ್ಲ ಅಂತ ಹೇಳಿ ಅಂತ ಕಲಿಸಿದವಳು ನಾನು.

ಬೈಯುವ ಮೊದಲು ಪೂರ್ತಿ ಓದು. ನಿನ್ನ ಕಡೆಯ ಇಬ್ಬರು ಹುಡುಗಿಯರು ಮೊದಲ ಸಲ ಬಂದಾಗ ಬಾಗಿಲಲ್ಲೇ ನಿಂತು, ಕೈಯಲ್ಲಿದ್ದ ಪಟ್ಟಿ ನೋಡಿ, "ಟೀಚರಮ್ಮ, ನಿಮ್ಮ ವೋಟು ನಮ್ಮ ಡಾಕ್ಟರಿಗೇ ಅಲ್ವಾ?" ಅಂದರು. ನಾಲ್ಕನೇ ಕ್ಲಾಸು ದಾಟದವಳನ್ನು ಟೀಚರಮ್ಮ ಅಂದರೆ ಯಾರಿಗೆ ತಾನೆ ಬೇಡ? ತಿದ್ದಲಿಲ್ಲ. "ನಿಮಗೇ ಕಣ್ರಮ್ಮ, ಬನ್ನಿ ಕೂತ್ಕೊಳ್ಳಿ" ಅಂತ ಟೀಗೆ ನೀರಿಡಲು ಒಳಗೆ ಹೋದೆ. ಬರುವಷ್ಟರಲ್ಲಿ ಬಾಗಿಲ ಚೌಕಟ್ಟಿಗೆ ಒಂದು ಹಸಿರು ಚುಕ್ಕಿ ಅಂಟಿಸಿ ಮೆಟ್ಟಿಲು ಇಳಿದುಬಿಟ್ಟಿದ್ದರು. ಮೂರು ಜನದ ಟೀ ನಾನೊಬ್ಬಳೇ ಕುಡಿದೆ.

ಎದುರು ಮನೆಯ ದರ್ಜಿ ಇದ್ದಾನಲ್ಲ, ಅವನು "ನೋಡೋಣಮ್ಮ, ಇನ್ನೂ ಏನೂ ಅಂದ್ಕೊಂಡಿಲ್ಲ" ಅಂದ. ಅವನ ಬಾಗಿಲಿಗೆ ಹಳದಿ ಚುಕ್ಕಿ ಬಿತ್ತು. ಅಲ್ಲಿಂದ ಶುರುವಾಯಿತು ನೋಡು. ದಿನ ಬಿಟ್ಟು ದಿನ ಅವನ ಮನೆಯಲ್ಲಿ ಜನ, ಮಾತು, ನಗು. ನಿನ್ನ ಕಡೆಯವರು ಹೋದರೆ ನಿಮ್ಮ ಡಾಕ್ಟರಿಗೆ ಎದುರು ನಿಂತ ಕಂಟ್ರಾಕ್ಟರನ ಕಡೆಯವರು. ಹೆಂಡತಿ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನಿನ ಜೊತೆ ಮಾತ್ರ ಮಾತಾಡುತ್ತಿದ್ದ ಗಂಡಸು, ಮದುಮಗನ ಹಾಗೆ ಕುರ್ಚಿ ಹಾಕಿಸಿಕೊಂಡು ಕೂತಿರುತ್ತಿದ್ದ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನನ್ನ ಮನೆ ಮುಂದೆ ಬಂದಾಗ ಹಸಿರು ಚುಕ್ಕಿ ನೋಡಿ, ತಲೆ ಕೂಡ ಎತ್ತದೆ ಮುಂದೆ ಹೋಗುತ್ತಿದ್ದರು. ನಮ್ಮವರೇ ಅಂತ ಗೊತ್ತಾದ ಮೇಲೆ ಮಾತಾಡಿಸುವುದು ಯಾಕೆ, ಅಲ್ಲವಾ? ಈ ಬುದ್ಧಿ ಅವರಿಗೆ ಯಾರು ಕೊಟ್ಟಿದ್ದು ಅಂತ ನನಗೆ ಗೊತ್ತು.

ಉಗುರಿನಿಂದ ಆ ಹಸಿರನ್ನು ಕೆರೆದು ತೆಗೆದೆ. ಮುಂದಿನ ಸಲ ಬಂದವರಿಗೆ "ಡಾಕ್ಟರು ಒಳ್ಳೆಯವರೇ, ಆದ್ರೆ ಆ ಕಂಟ್ರಾಕ್ಟರೂ ರಸ್ತೆ ಮಾಡಿಸ್ತೀನಿ ಅಂತಾನಲ್ಲ" ಅಂತ ರಾಗ ಎಳೆದೆ. ಇಬ್ಬರೂ ಒಳಗೆ ಬಂದು ಕೂತರು! ಟೀ ಕುಡಿದರು, ನನ್ನ ಹಳೇ ಫೋಟೊ ಎಲ್ಲ ನೋಡಿದರು.

ಕೆಳಗಿನ ಮನೆಯ ಲಾರಿ ಡ್ರೈವರ್ "ಏನಕ್ಕಾ, ನಿಮ್ಮನೆಗೆ ಇಷ್ಟೊಂದು ಜನ?" ಅಂತ ಹೊಟ್ಟೆಕಿಚ್ಚು ಪಟ್ಟ. ಗುಟ್ಟು ಹೇಳಿಕೊಟ್ಟೆ. ಹೌದು ಅನ್ನಬೇಡ, ಇಲ್ಲ ಅನ್ನಬೇಡ, ಯೋಚನೆ ಮಾಡ್ತೀನಿ ಅನ್ನು ಅಂದೆ. "ಅಷ್ಟೇನಾ? ಹಾಗೆ ಹೇಳ್ಕೊಂಡೇ ಅಲ್ವಾ ಅಕ್ಕಾ ನಾನು ಸಂಸಾರ ಮಾಡಿದ್ದು!" ಅಂದ. ಮೂಲೆಮನೆಯ ನರ್ಸಮ್ಮನಿಗೆ ಅವನು ಹೇಳಿದ, ಅವಳು ಇನ್ಯಾರಿಗೋ. ಹಗಲು ಈ ಬೀದಿಯಲ್ಲಿ ಉಳಿಯುವವರೆಲ್ಲ ಮುದುಕರೇ. ಈಗ ಸಂಜೆ ಆಯಿತು ಅಂದರೆ ಡ್ರೈವರ್ ಗಡ್ಡ ಕೆರೆದು ಇಸ್ತ್ರಿ ಶರ್ಟು ಹಾಕುತ್ತಾನೆ, ನರ್ಸಮ್ಮ ಪೌಡರ್ ಬಳಿಯುತ್ತಾಳೆ. ಬೀದಿ ತುಂಬಾ ಹಳದಿ ಚುಕ್ಕಿ. ನಿನ್ನ ಲೆಕ್ಕ ಕೆಟ್ಟಿದ್ದು ಹೀಗೆ.

ಇನ್ನು ಫೋನಿನ ವಿಷಯ. ಮನೆಯ ಜೊತೆಗೇ ಬಂತಲ್ಲ ಆ ಹಳೇ ಫೋನು, ಅದಕ್ಕೆ ದಿನಾ ಮಧ್ಯಾಹ್ನ ನಿನ್ನ ಆಫೀಸಿನಿಂದ ಒಂದು ಹುಡುಗಿ ಫೋನು ಮಾಡುತ್ತಾಳೆ. ಮೃದು ದನಿ. "ಟೀಚರಮ್ಮ, ಮಾತ್ರೆ ತಗೊಂಡ್ರಾ? ಮೆಟ್ಟಿಲು ಇಳಿಯೋವಾಗ ಕಂಬಿ ಹಿಡ್ಕೊಂಡ್ರಾ? ಇವತ್ತು ಕಿಟಕಿ ತೆಗೆದ್ರಾ?"

ಕಿಟಕಿ! ಈ ಪ್ರಪಂಚದಲ್ಲಿ ನನ್ನ ಕಿಟಕಿಯ ಸುದ್ದಿ ಕೇಳುತ್ತಿದ್ದವಳು ನೀನೊಬ್ಬಳೇ. ಬೆಳಗ್ಗೆ ಎದ್ದು ಕಣ್ಣುಜ್ಜಿಕೊಂಡು "ಅಜ್ಜಿ, ಕಿಟಕಿ ತೆಗೆದ್ಯಾ, ಉಸಿರು ಕಟ್ಟುತ್ತೆ" ಅಂತ ಗದರುತ್ತಿದ್ದೆ. ಇದನ್ನು ಯಾರಮ್ಮ ಹೇಳಿಕೊಟ್ಟಿದ್ದು ಅಂತ ಕೇಳಿದೆ. "ನಮ್ಮ ಆಫೀಸಿನ ಅಕ್ಕ ಬರೆದುಕೊಟ್ಟಿದ್ದಾರೆ ಟೀಚರಮ್ಮ. ವಯಸ್ಸಾದವರ ಹತ್ರ ಮೊದಲೇ ವೋಟು ಕೇಳ್ಬೇಡಿ, ಕಿಟಕಿ ಕೇಳಿ ಅಂತಾರೆ" ಅಂದಳು. ನನಗೆ ಕೇಳುತ್ತಿದ್ದ ಮಾತನ್ನೆಲ್ಲ ಊರವರ ಬಾಯಿಗೆ ಹಂಚಿಬಿಟ್ಟೆಯಲ್ಲೇ. ಒಂದನ್ನಾದರೂ ಉಳಿಸಿಕೊಳ್ಳಬಾರದಿತ್ತಾ?

ನಿಮ್ಮ ಅಕ್ಕ ಊಟ ಮಾಡುತ್ತಾಳಾ ಅಂತ ಬಾಯಿಗೆ ಬಂದುಬಿಟ್ಟಿತು. "ಎಲ್ಲಿ ಟೀಚರಮ್ಮ! ನಿಂತ್ಕೊಂಡೇ ಬನ್ನು ತಿಂತಾರೆ. ಮನೆಗೂ ಹೋಗಲ್ಲ. ಪಾಪ, ಮನೇಲಿ ಯಾರೂ ಇಲ್ಲ ಅನ್ಸುತ್ತೆ" ಅಂದಳು.

ಅವಳು "ಲೈನಲ್ಲಿದ್ದೀರಾ?" ಅಂದಳು. ಇದ್ದೀನಿ, ಕಿಟಕಿ ತೆಗೀತಿದ್ದೆ ಅಂದೆ.

ನಿಮ್ಮ ಅಕ್ಕ ನನ್ನ ಮೊಮ್ಮಗಳು ಅಂತ ಹೇಳಬಹುದಿತ್ತು. ಹೇಳಿದರೆ ಹಸಿರು ಚುಕ್ಕಿ, ಮಾರನೇ ದಿನದಿಂದ ಫೋನಿಲ್ಲ. ನುಂಗಿಕೊಂಡೆ.

ಇದೇ ಆಟ ಆಡಿಕೊಂಡು ಚುನಾವಣೆ ಕಳೆಯುತ್ತಿದ್ದೆ. ಆದರೆ ನಿನ್ನೆ ನಮ್ಮ ಮೆಟ್ಟಿಲು ಒರೆಸುವವಳು ಬಕೆಟ್ಟು ಕುಕ್ಕಿ, "ನಿಮ್ಮ ಬೀದಿಯವರಿಗೇನು ಕೋಡು ಮೂಡಿದೆಯಾ? ಡಾಕ್ಟರ್ ಕಡೆಯವರು ದಿನಾ ಇಲ್ಲೇ ಬಿದ್ದಿರ್ತಾರೆ. ನಮ್ಮ ಕಡೆಗೆ ಒಬ್ಬರೂ ತಲೆ ಹಾಕಿಲ್ಲ" ಅಂದಳು. ಅವಳ ಮನೆ ರೈಲು ಹಳಿಯ ಆಚೆ, ಬಣ್ಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಬರೀ ಕಂಟ್ರಾಕ್ಟರನ ಜನ ಓಡಾಡುತ್ತಿದ್ದಾರಂತೆ. ನಮ್ಮ ಬೀದಿಗಿಂತ ಎಷ್ಟೋ ಪಾಲು ದೊಡ್ಡ ಜಾಗ ಅದು. "ಈ ಚುನಾವಣೆ ಸೋತರೆ ಇನ್ನು ನನ್ನನ್ನು ಯಾರೂ ಕೆಲಸಕ್ಕೆ ಕರೆಯಲ್ಲ" ಅಂತ ಹೋಗುವ ದಿನ ನೀನು ಹೇಳಿದ್ದು ನೆನಪಾಯಿತು.

ಅದಕ್ಕೇ ಹೇಳುತ್ತಿದ್ದೇನೆ, ನಮ್ಮ ಬೀದಿ ಬಿಟ್ಟುಬಿಡು. ದರ್ಜಿ ನಿನ್ನವನೇ, ಅವನ ಕಣ್ಣಿಗೆ ಆಪರೇಷನ್ ಮಾಡಿದ್ದೇ ನಿಮ್ಮ ಡಾಕ್ಟರು. ಡ್ರೈವರೂ ನಿನ್ನವನೇ. ಉಳಿದವರೂ ಹೆಚ್ಚುಕಮ್ಮಿ ಹಾಗೇ. ನರ್ಸಮ್ಮ ಮಾತ್ರ ಕಂಟ್ರಾಕ್ಟರನ ಕಡೆ ನೆಂಟಳು, ನೀನು ತಲೆಕೆಳಗಾಗಿ ನಿಂತರೂ ಬದಲಾಗುವುದಿಲ್ಲ, ಪೌಡರ್ ಬಳಿಯುವುದು ಬರೀ ನಿನ್ನ ಹುಡುಗಿಯರ ಜೊತೆ ಹರಟೆಗೆ. ನಿನ್ನ ಜನರನ್ನೆಲ್ಲ ಹಳಿಯ ಆಚೆಗೆ ಕಳಿಸು. ಹಗಲು ಹೋದರೆ ಬೀಗ ನೋಡಿಕೊಂಡು ಬರುತ್ತಾರೆ. ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನಲ್ಲಿ ನಿಲ್ಲಲಿ. ಮತ್ತೆ ಅಲ್ಲಿ ಕಿಟಕಿ ಗಿಟಕಿ ಕೇಳಬೇಡಿ. ಆ ಮನೆಗಳಿಗೆ ಕಿಟಕಿಯೇ ಇಲ್ಲವಂತೆ. ನಲ್ಲಿಯಲ್ಲಿ ನೀರು ಯಾವ ಬಣ್ಣ ಬರುತ್ತೆ ಅಂತ ಕೇಳಿ.

ಈ ಕಾಗದ ಬರೆಯುತ್ತೇನೆ ಅಂತ ಡ್ರೈವರಿಗೆ ಹೇಳಿದೆ. ಶರ್ಟಿನ ಗುಂಡಿ ತಿರುವುತ್ತಾ, "ಇನ್ನೊಂದು ವಾರ ಬಿಟ್ಟು ಬರೀಬಾರದಾ ಅಕ್ಕಾ?" ಅಂದ. ನನಗೂ ಹಾಗೇ ಅನ್ನಿಸಿತ್ತು. ಆದರೂ ಬರೆದೆ.

ಬನ್ನು ತಿಂದುಕೊಂಡು ಎಷ್ಟು ದಿನ ಅಂತ ಇರುತ್ತೀಯ? ಕೂತು ತಿನ್ನು. ನಿಂತು ತಿಂದಿದ್ದು ಮೈಗೆ ಹತ್ತುವುದಿಲ್ಲ.

ಇಂತಿ,
ನಿನ್ನ ಅಜ್ಜಿ
(ಟೀಚರಮ್ಮ ಅಲ್ಲ)

ಮರೆತಿದ್ದೆ: ಆ ಟೀಚರಮ್ಮ ಈ ಮನೆಯಲ್ಲಿ ನಮಗಿಂತ ಮೊದಲು ಬಾಡಿಗೆಗಿದ್ದವಳು. ನಿಮ್ಮ ಪಟ್ಟಿಯಲ್ಲಿರುವುದು ಅವಳ ಹೆಸರು, ಫೋನಿನ ಹುಡುಗಿ ಕಿಟಕಿ ಕೇಳುತ್ತಿರುವುದೂ ಅವಳಿಗೇ. ನನ್ನ ಹೆಸರು ಇನ್ನೂ ಹಳೇ ಊರಿನಲ್ಲೇ ಇದೆ. ಇಲ್ಲಿಗೆ ಬದಲಾಯಿಸುತ್ತೇನೆ ಅಂತ ಅರ್ಜಿಗೆ ನನ್ನ ಫೋಟೊ ತೆಗೆಸಿದೆಯಲ್ಲ, ಅದು ಇಲ್ಲಿ ನಿನ್ನ ಮೇಜಿನ ಡ್ರಾಯರಿನಲ್ಲೇ ಬಿದ್ದಿದೆ. ಊರಿನ ವೋಟನ್ನೆಲ್ಲ ಎಣಿಸುವವಳು ಅಜ್ಜಿಯ ವೋಟು ಮರೆತೆ. ಇರಲಿ. ನನ್ನಿಂದ ನಿನಗೆ ಒಂದು ವೋಟೂ ಸಿಗುವುದಿಲ್ಲ. ಅಂಥ ಮನೆಗೆ ಬರಲು ಮನಸ್ಸಿದ್ದರೆ ಬಾ, ಟೀಗೆ ನೀರಿಡುತ್ತೇನೆ. ಬರುವುದಿಲ್ಲವಾದರೆ ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ. ಹುಡುಗಿಯ ಕೈಯಲ್ಲಿ ಬರೆಸಬೇಡ, ನೀನೇ ಬರೆ.