ಕರಪತ್ರದ ಮೂವತ್ತೊಂದನೇ ಸಾಲು

ಮುದಗಟ್ಟಿ
ಫೆಬ್ರವರಿ ೩೦, ೨೧೮೭

ಆರು ತಲೆಮಾರಿನ ಹಿಂದಿನ ನನ್ನ ಅಜ್ಜ ಫಕ್ಕೀರಪ್ಪ ಹಂಚಿನಾಳ ಅವರಿಗೆ, ನೇಸರಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಊರಿನ ಬಿಡುವಿಗೆ ಹೋಗುತ್ತವೆ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳೀತು, ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ಹಳೆಯ ಕರಪತ್ರಗಳಿಂದ, ಅದರಲ್ಲೂ ನೀವು ಬರೆದವುಗಳಿಂದ. ಹಾಗಾಗಿ ಬೈಗುಳ ಸಲೀಸಾಗಿ ಬರುತ್ತದೆ, ಉಪಕಾರ ನೆನೆಯುವಾಗ ತಡವರಿಸುತ್ತೇನೆ. ಆದರೆ ಈ ಪತ್ರ ಬರೆಯುತ್ತಿರುವುದು ಉಪಕಾರ ನೆನೆಯುವುದಕ್ಕೇ.

ನಾನು ಇಲ್ಲಿ ತೂಗುಗಾರ್ತಿ. ಅಧ್ಯಕ್ಷರಿಗೆ ವೋಟು ಹಾಕುವುದು ಆಯಾ ಕಾಲದವರ ಹಕ್ಕು. ಅವರ ಮೊದಲ ಅವಧಿಯ ಬಗ್ಗೆ ಊರಿನ ಚರಿತ್ರೆಯಲ್ಲಿ ಏನು ಬರೆಯಬೇಕೆಂದು ನಿಧಾನವಾಗಿ ನಿರ್ಧರಿಸುವುದು ನಮ್ಮಂಥ ಒಂಬತ್ತು ಮಂದಿಯ ಕೆಲಸ. ನಮಗಿರುವುದು ಒಂದೇ ಕಟ್ಟಳೆ, ಅದನ್ನು ಅಡ್ಡಸಾಕ್ಷಿ ಎನ್ನುತ್ತೇವೆ. ಸ್ವಂತ ಪಕ್ಷದವರ ಹೊಗಳಿಕೆ ತಕ್ಕಡಿಗೆ ಬರುವಂತಿಲ್ಲ, ಎದುರು ಪಕ್ಷದವರ ತೆಗಳಿಕೆಯೂ ಬರುವಂತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಆಗದವರಿಗೆ ಕೂತರೂ ತಪ್ಪು ನಿಂತರೂ ತಪ್ಪು. ಆದ್ದರಿಂದ ನಾವು ತೂಗುವುದು ತನ್ನವರು ಮಾಡಿದ ದೂರನ್ನು ಮತ್ತು ಎದುರಾಳಿ ಒಪ್ಪಿಕೊಂಡ ಒಳ್ಳೆಯದನ್ನು ಮಾತ್ರ.

ಇವತ್ತು ತೂಕಕ್ಕೆ ಬಂದದ್ದು ನಿಮ್ಮ ಪುರಸಭೆಯ ಅಧ್ಯಕ್ಷೆ ಹುಲಿಗೆವ್ವ ತಳವಾರ ಅವರ ಮೊದಲ ಮೂವತ್ತು ತಿಂಗಳು. ಮೂರು ಪೆಟ್ಟಿಗೆ ತುಂಬ ಕಾಗದ. ಅವರ ಪಕ್ಷದವರು ಅವರನ್ನು ಭೂಮಿಗಿಳಿದ ದೇವತೆ ಮಾಡಿದ್ದರು, ಬದಿಗಿಟ್ಟೆವು. ನಿಮ್ಮ 'ಮೂವತ್ತು ತಿಂಗಳು, ಮೂವತ್ತು ತಪ್ಪು' ಕರಪತ್ರವನ್ನೂ ಬದಿಗಿಟ್ಟೆವು. ಬಸ್ ಸ್ಟ್ಯಾಂಡಿನ ಚರಂಡಿ ಕುಸಿದದ್ದು, ಅಕ್ಕನ ಮಗನಿಗೆ ಕೆಲಸ ಕೊಡಿಸಿದ್ದು ನಿಜವೇ ಇರಬೇಕು. ಆದರೆ ಸಭೆಯಲ್ಲಿ ಅವರು ಸೀನಿದ್ದನ್ನೂ ಹತ್ತೊಂಬತ್ತನೇ ತಪ್ಪು ಮಾಡಿದ್ದೀರಲ್ಲ ಅಜ್ಜಾ, ಅದಕ್ಕೇನು ಹೇಳಲಿ. ಅವರದೇ ಪಕ್ಷದ ಸದಸ್ಯನೊಬ್ಬ, ಸ್ವಂತದವರೆಂದರೂ ತನ್ನ ಓಣಿಗೆ ಮೊದಲು ನೀರು ಬಿಡಲಿಲ್ಲವೆಂದು ಗೊಣಗಿ ಬರೆದಿದ್ದ ಚೀಟಿ ಸಿಕ್ಕಿತು. ಕಟ್ಟಳೆಯ ಪ್ರಕಾರ ಅದು ತಪ್ಪಿನ ತಟ್ಟೆಗೆ ಹೋಗಬೇಕು. ಒಂಬತ್ತೂ ಜನ ಮನಸಾರೆ ನಕ್ಕು ಒಪ್ಪಿನ ತಟ್ಟೆಗೆ ಹಾಕಿದೆವು.

ಎದುರಾಳಿ ಒಪ್ಪಿಕೊಂಡದ್ದು ಎಂದು ಮೂರು ಪೆಟ್ಟಿಗೆಯಲ್ಲಿ ಸಿಕ್ಕದ್ದು ಒಂದೇ ಸಾಲು. ನಿಮ್ಮ ಕರಪತ್ರದ ಕೊನೆಯಲ್ಲಿ, ಮೂವತ್ತು ತಪ್ಪುಗಳ ಕೆಳಗೆ: 'ಆದರೆ ನೀರು ಹಲಗೆಯ ಮೇಲೆ ಬರೆದ ಹೊತ್ತಿಗೆ ಬರುತ್ತದೆ.'

ಆ ಸಾಲು ಹೇಗೆ ಹುಟ್ಟಿತೆಂದು ನಿಮ್ಮ ದಿನಚರಿಯಲ್ಲಿ ಓದಿದ್ದೇನೆ. ಎಂಟು ದಿನಕ್ಕೊಮ್ಮೆ ಬರುವ ನೀರು ಯಾವ ಹೊತ್ತಿಗೆ ಬರುತ್ತದೆಂದು ಯಾರಿಗೂ ಗೊತ್ತಿಲ್ಲದೆ, ಹೆಂಗಸರು ಕೊಡ ಸಾಲಿಟ್ಟು ದಿನವಿಡೀ ನಳದ ಮುಂದೆ ಕೂರುತ್ತಿದ್ದ ಕಾಲ. ಶಾಲೆ ಬಿಟ್ಟು ಕೊಡ ಕಾಯುವುದು ಹೆಣ್ಣುಮಕ್ಕಳ ಪಾಲಿನ ಕೆಲಸ. ಹುಲಿಗೆವ್ವನವರು ಹೆಚ್ಚು ನೀರು ತರಲಿಲ್ಲ. ಓಣಿಗೊಂದು ಹಲಗೆ ನೆಟ್ಟು, ನೀರು ಬಿಡುವ ದಿನ, ಹೊತ್ತು ಬರೆಸಿ, ಅದರಂತೆ ನಡೆಸಿದರು. ನೀವು ಮೂವತ್ತು ತಪ್ಪು ಬರೆದು ಮುಗಿಸಿ ಮನೆಯವರಿಗೆ ಓದಿ ಹೇಳಿದಾಗ ನಿಮ್ಮ ಹೆಂಡತಿ ಕಾಶವ್ವಜ್ಜಿ ಜೋಳ ಹಸನು ಮಾಡುತ್ತ ಅಂದರಂತೆ: "ಎಲ್ಲಾ ಖರೇನ ಬರದೀರಿ. ಇಪ್ಪತ್ತ ವರ್ಷ ನಾ ನಳದ ಮುಂದ ಕುಂತೇನಿ, ನೀರು ಯಾವಾಗ ಬರತೈತಿ ಅಂತ ನಿಮ್ಮ ಪಕ್ಷದಾಗ ಒಬ್ಬರೂ ನನಗ ಹೇಳಲಿಲ್ಲ. ಆಕಿ ಹೇಳ್ಯಾಳ. ಅದನ್ನೂ ಬರೀರಿ."

ನೀವು ಬರೆದಿರಿ. ಈ ಪತ್ರ ನಿಮ್ಮ ಕೈ ಸೇರುವ ದಿನ, ಅಂದರೆ ನಿಮ್ಮ ಇವತ್ತು ಮಧ್ಯಾಹ್ನ, ಪಕ್ಷದವರು ಮನೆಗೆ ಬಂದು, ಆ ಸಾಲು ತೆಗೆದರೆ ಏಳನೇ ವಾರ್ಡಿನ ಟಿಕೆಟ್ ನಿಮಗೆ, ಇಲ್ಲವಾದರೆ ಇನ್ನೊಬ್ಬರಿಗೆ ಎಂದು ಹೇಳಿ ಹೋಗಿದ್ದಾರೆ. ನಾಳೆ ಬೆಳಿಗ್ಗೆ ಕರಪತ್ರ ಪ್ರೆಸ್ಸಿಗೆ ಹೋಗಬೇಕು. ಹದಿನೈದು ವರ್ಷ ಪಕ್ಷಕ್ಕಾಗಿ ಚಪ್ಪಲಿ ಸವೆಸಿದವರು ನೀವು. ಆ ಟಿಕೆಟ್ ನಿಮಗೆ ಎಷ್ಟು ಬೇಕಾಗಿತ್ತೆಂದು ದಿನಚರಿಯ ಪುಟಪುಟದಲ್ಲೂ ಇದೆ.

ಮುಂದಿನದನ್ನು ಬಚ್ಚಿಡುವುದಿಲ್ಲ. ಸಾಲು ಉಳಿಸಿದರೆ ಟಿಕೆಟ್ ಸಿಗುವುದಿಲ್ಲ, ಮುಂದೆಯೂ ಸಿಗುವುದಿಲ್ಲ. ಹುಲಿಗೆವ್ವನವರೂ ಹನ್ನೊಂದು ವೋಟಿನಿಂದ ಸೋಲುತ್ತಾರೆ. ನಿಮ್ಮ ಪಕ್ಷ ಗದ್ದುಗೆ ಏರಿ, ಅವರ ಹೆಸರಿದೆ ಎಂಬ ಸಿಟ್ಟಿಗೆ ಮೊದಲ ತಿಂಗಳೇ ಹಲಗೆ ಕೀಳಿಸಲು ಹೊರಡುತ್ತದೆ. ಆಗ ಓಣಿಯ ಹೆಂಗಸರು ನಿಮ್ಮ ಕರಪತ್ರ ಹಿಡಿದು ಪುರಸಭೆಗೆ ಹೋಗಿ, ಇದು ನಿಮ್ಮದೇ ಚಿಹ್ನೆ, ನೀವೇ ಒಪ್ಪಿದ್ದೀರಿ ಎಂದು ಮೇಜಿನ ಮೇಲೆ ಇಡುತ್ತಾರೆ. ಸ್ವಂತ ಕಾಗದವನ್ನು ಸುಳ್ಳೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಹಲಗೆ ಉಳಿಯುತ್ತದೆ.

ಈಗ ಆಸ್ಪತ್ರೆ, ಕಚೇರಿ, ಬಸ್ಸು, ಎಲ್ಲ ಕಡೆಯೂ ಹೊತ್ತಿನ ಹಲಗೆ ಇದೆ. ಬರೆದ ಹೊತ್ತು ಮೀರಿದರೆ ಅಧಿಕಾರಿಯೇ ಹಲಗೆಯ ಕೆಳಗೆ ನಿಂತು ಕಾರಣ ಹೇಳಬೇಕು; ಮಳೆಯಿದ್ದರೆ ಕೊಡೆ ನಾವೇ ಕೊಡುತ್ತೇವೆ, ಅಷ್ಟು ಮರ್ಯಾದೆ ಇದೆ. ಮೊನ್ನೆ ನನ್ನ ಮಗಳು ಹಳೆಯ ಫೋಟೋದಲ್ಲಿ ಕೊಡಗಳ ಪಕ್ಕ ಕೂತ ಹೆಂಗಸರನ್ನು ನೋಡಿ, ಇವರೆಲ್ಲ ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಕೇಳಿದಳು. ನೀರಿಗೆ ಎಂದೆ. ಅವಳು ನಂಬಲಿಲ್ಲ. ಅವಳು ನಂಬದೆ ಹೋದದ್ದರಿಂದ ನನಗೆ ಎಷ್ಟು ಸಂತೋಷವಾಯಿತೆಂದು ನಿಮಗೆ ಹೇಳಬೇಕೆನಿಸಿತು.

ಎಲ್ಲ ನಡೆದುಹೋದ ಮೇಲೆ ಪತ್ರವೇಕೆ ಎಂದೀರಿ. ದಿನಚರಿಯಲ್ಲಿ ನಿಮ್ಮ ಈ ದಿನದ ಕೊನೆಯ ಮಾತು 'ಸಾಲು ಹೊಡೆದು ಹಾಕಿದೆ' ಎಂದಿದೆ. ಅಚ್ಚಾದ ಕರಪತ್ರದಲ್ಲಿ ಸಾಲು ಇದೆ. ನಡುವೆ ಏನಾಯಿತೆಂದು ಯಾರೂ ಬರೆದಿಟ್ಟಿಲ್ಲ. ಆ ಖಾಲಿ ಜಾಗಕ್ಕೆ ಈ ಪತ್ರ ಕಳಿಸುತ್ತಿದ್ದೇನೆ.

ಮೂವತ್ತು ತಪ್ಪುಗಳಲ್ಲಿ ಒಂದನ್ನೂ ಬಿಡಬೇಡಿ, ಸೀನಿದ್ದೂ ಇರಲಿ. ಆ ಒಂದು ಸಾಲನ್ನು ಮತ್ತೆ ಬರೆಯಿರಿ. ಇವತ್ತು ಇಲ್ಲಿ ತೂಕದ ಹೊತ್ತಿಗೆ ಹುಲಿಗೆವ್ವನವರ ಪರವಾಗಿ ನಾನು ಮೊದಲು ಕೈ ಎತ್ತಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಎದುರಿನವರ ಒಳ್ಳೆಯದನ್ನು ಒಪ್ಪುವುದು ಹಂಚಿನಾಳದವರ ಮನೆಯ ರೂಢಿಯಲ್ಲವೇ ಎಂದರು. ಅಜ್ಜಾ, ಆ ರೂಢಿ ನಿಮ್ಮ ಮನೆಯಲ್ಲಿ ಇನ್ನೂ ಶುರುವಾಗಿಲ್ಲ.

ನಿಮ್ಮ
ನೇಸರಿ ಹಂಚಿನಾಳ